ಮೊದಲು ಸರದಿ, ಆಮೇಲೆ ಗಡಿಯಾರ

ಮುಳುಗಿದ ಹಡಗಿನ ಕೊನೆಯ ಗಳಿಗೆಗಳನ್ನು ಬದುಕುಳಿದವರ ಮಾತಿನಿಂದಲೇ ನಿಮಿಷ ನಿಮಿಷವಾಗಿ ಮತ್ತೆ ಕಟ್ಟಬಹುದೇ ಎಂದು ಕೇಳಿ ಹಲವು ಓದುಗರು ಬರೆದಿದ್ದಾರೆ. ಹೆಚ್ಚಿನ ಪತ್ರಗಳು ಟೈಟಾನಿಕ್ ಕುರಿತವು. ಅದಕ್ಕೆ ಕಾರಣವೂ ಇದೆ: ಅಷ್ಟು ಸಾಕ್ಷ್ಯ, ಅದೂ ಘಟನೆಯಾದ ಕೆಲವೇ ವಾರಗಳಲ್ಲಿ ಪ್ರಮಾಣ ಮಾಡಿಸಿ ಬರೆದುಕೊಂಡದ್ದು, ಹಡಗು ದುರಂತಗಳಲ್ಲಿ ಅಪರೂಪ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರವಿದೆ.

ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ಟೈಟಾನಿಕ್ ಹಿಮಗಡ್ಡೆಗೆ ಬಡಿದಾಗಿನಿಂದ ಮುಳುಗುವವರೆಗಿನ ಪಟ್ಟಿ ಮಾಡಲು ಹೊರಟಿದ್ದೇನೆ. ಸಾಕ್ಷಿಗಳು ಹೇಳಿದ ಸಮಯಗಳನ್ನು ಸಾಲಾಗಿ ಬರೆದರೆ ಎಲ್ಲ ಕಲಸುಮೇಲೋಗರವಾಗುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?
— ಧಾರವಾಡ

ಸಮಯದಿಂದ ಶುರುಮಾಡಿದ್ದೇ ತಪ್ಪು. ಆ ರಾತ್ರಿ ಗಡಿಯಾರ ನೋಡಿದವರು ಬೆರಳೆಣಿಕೆಯಷ್ಟು ಜನ. ಉಳಿದವರ 'ಸುಮಾರು ಒಂದೂವರೆ ಗಂಟೆ ಇರಬಹುದು' ಎಂಬ ಮಾತು ವಿಚಾರಣೆಯಲ್ಲಿ ವಕೀಲರು ಒತ್ತಾಯಿಸಿದ್ದಕ್ಕೆ ಕೊಟ್ಟ ಅಂದಾಜು. ಆದರೆ 'ಆ ದೋಣಿ ಇಳಿಸಿ ಇಲ್ಲಿಗೆ ಬಂದೆ', 'ನಾವು ಇಳಿಯುವಾಗ ಪಕ್ಕದ ದೋಣಿ ಇನ್ನೂ ತೂಗಾಡುತ್ತಿತ್ತು' ಎಂಬ ಮಾತುಗಳು ಕೈಯಾರೆ ಮಾಡಿದ, ಕಣ್ಣಾರೆ ಕಂಡ ಸಂಗತಿಗಳು. ನೆನಪು ನಿಮಿಷವನ್ನು ಮರೆಯುತ್ತದೆ, ಸರದಿಯನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಆದ್ದರಿಂದ ಮೊದಲು ಯಾವುದರ ನಂತರ ಯಾವುದು ಎಂಬುದನ್ನು ಮಾತ್ರ ಕಟ್ಟಿ. ಗಡಿಯಾರ ಕೊನೆಗೆ ಬರಲಿ.

ಮೂಲ ಸಾಮಗ್ರಿ ಎರಡು. ಅಮೆರಿಕದ ಸೆನೆಟ್ ವಿಚಾರಣೆ 1912ರ ಏಪ್ರಿಲ್ 19ರಂದು ಸೆನೆಟರ್ ವಿಲಿಯಂ ಆಲ್ಡೆನ್ ಸ್ಮಿತ್ ಅವರ ನೇತೃತ್ವದಲ್ಲಿ ಶುರುವಾಯಿತು. ಕಾರ್ಪೇಥಿಯಾ ಹಡಗು ಬದುಕುಳಿದವರನ್ನು ನ್ಯೂಯಾರ್ಕಿಗೆ ತಂದ ಮರುದಿನವೇ ಅದು. 82 ಸಾಕ್ಷಿಗಳು ಹೇಳಿಕೆ ಕೊಟ್ಟರು. ಲಾರ್ಡ್ ಮರ್ಸಿ ಅವರ ಬ್ರಿಟಿಷ್ ವಿಚಾರಣೆ ಮೇ 2ರಿಂದ ಜುಲೈ 3ರವರೆಗೆ ನಡೆಯಿತು. ಅಲ್ಲಿ ಕೇಳಿದ ಪ್ರಶ್ನೆಗಳು 25,000ಕ್ಕೂ ಹೆಚ್ಚು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇದೆ. ಇದು ನಿಮಗೆ ವರ. ಪುಟದ ಬದಲು ಪ್ರಶ್ನೆಯ ಸಂಖ್ಯೆಯನ್ನೇ ಗುರುತು ಹಾಕಿಕೊಂಡರೆ ಯಾವ ಮುದ್ರಣದಲ್ಲಾದರೂ ಆ ಮಾತು ಸಿಗುತ್ತದೆ.

ಒಂದು ಚೀಟಿಗೆ ಒಂದೇ ಸಂಗತಿ. ಇದನ್ನು ಸಡಿಲಿಸಬೇಡಿ. ಸಾಕ್ಷಿ ಒಂದೇ ಉಸಿರಿನಲ್ಲಿ ನಾಲ್ಕು ಸಂಗತಿ ಹೇಳಿದ್ದರೆ ನಾಲ್ಕು ಚೀಟಿ. ಪ್ರತಿ ಚೀಟಿಯಲ್ಲಿ ಇರಬೇಕಾದ್ದು: ಸಾಕ್ಷಿಯ ಹೆಸರು ಮತ್ತು ಕೆಲಸ, ಹೇಳಿಕೆಯ ದಿನಾಂಕ ಮತ್ತು ಪ್ರಶ್ನೆಯ ಸಂಖ್ಯೆ, ಆಗ ಅವರು ನಿಂತಿದ್ದ ಜಾಗ — ಯಾವ ಡೆಕ್ (ಹಡಗಿನ ಅಂತಸ್ತು), ಬಲಮಗ್ಗುಲೋ ಎಡಮಗ್ಗುಲೋ, ಮುಂದೋ ಹಿಂದೋ, ಕಣ್ಣಾರೆ ಕಂಡದ್ದೋ ಯಾರೋ ಹೇಳಿದ್ದೋ, ಯಾವುದಕ್ಕಿಂತ ಮುಂಚೆ, ಯಾವುದರ ನಂತರ, ಸಮಯ ಹೇಳಿದ್ದರೆ ಯಾವ ಗಡಿಯಾರ ನೋಡಿ ಹೇಳಿದ್ದು, ಕೊನೆಗೆ ಅವರ ಮಾತು ಇದ್ದ ಹಾಗೆ. ಕೊನೆಯದನ್ನು ನಿಮ್ಮ ಮಾತಿನಲ್ಲಿ ಸಂಗ್ರಹಿಸಿ ಬರೆದರೆ ಆರು ತಿಂಗಳ ಮೇಲೆ ಸಾಕ್ಷಿಯ ಮಾತು ಯಾವುದು, ನಿಮ್ಮ ಊಹೆ ಯಾವುದು ಎಂದು ನಿಮಗೇ ಗೊತ್ತಾಗುವುದಿಲ್ಲ.

ಮೊದಲ ಅಪಾಯ ಸಂದೇಶ ಕಳಿಸಿದ್ದು ರಾತ್ರಿ 12:15ಕ್ಕೆ ಎಂದು ಒಂದು ಕಡೆ, 12:27ಕ್ಕೆ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?
— ಮಂಗಳೂರು

ಎರಡೂ ಒಂದೇ ಕ್ಷಣ. ನ್ಯೂಯಾರ್ಕ್ ಸಮಯದಲ್ಲಿ ದಾಖಲಾಗಿದ್ದು ರಾತ್ರಿ 10:25. ಅದನ್ನು ಹಡಗಿನ ಸಮಯಕ್ಕೆ ಬದಲಾಯಿಸುವ ಲೆಕ್ಕದಲ್ಲಿ ಭೇದವಿದೆ.

ಅಂದಿನ ಅಟ್ಲಾಂಟಿಕ್ ಹಡಗುಗಳು ಸೂರ್ಯನಿಗೆ ತಕ್ಕಂತೆ ದಿನಾ ಗಡಿಯಾರ ತಿದ್ದಿಕೊಳ್ಳುತ್ತಿದ್ದವು. ಪಶ್ಚಿಮಕ್ಕೆ ಹೋಗುವಾಗ ಪ್ರತಿ ರಾತ್ರಿ ಸ್ವಲ್ಪ ಹಿಂದಕ್ಕೆ. ನ್ಯೂಯಾರ್ಕಿಗಿಂತ ಟೈಟಾನಿಕ್ ಗಡಿಯಾರ ಎಷ್ಟು ಮುಂದಿತ್ತು ಎಂಬುದಕ್ಕೆ ಅಮೆರಿಕದ ವರದಿ 1 ಗಂಟೆ 33 ನಿಮಿಷ ಹಿಡಿಯಿತು, ಬ್ರಿಟಿಷ್ ವರದಿ 1 ಗಂಟೆ 50 ನಿಮಿಷ. ನೀವೇ ಲೆಕ್ಕ ಹಾಕಿ ನೋಡಿ: ಏಪ್ರಿಲ್ 14ರ ಮಧ್ಯಾಹ್ನ ಹಡಗು ಸುಮಾರು 44½ ಡಿಗ್ರಿ ಪಶ್ಚಿಮ ರೇಖಾಂಶದಲ್ಲಿತ್ತು. ಒಂದು ಡಿಗ್ರಿಗೆ 4 ನಿಮಿಷದಂತೆ ಗ್ರೀನಿಚ್‌ಗಿಂತ 178 ನಿಮಿಷ, ಅಂದರೆ 2 ಗಂಟೆ 58 ನಿಮಿಷ ಹಿಂದೆ. ನ್ಯೂಯಾರ್ಕ್ 5 ಗಂಟೆ ಹಿಂದೆ. ಕಳೆದರೆ 2 ಗಂಟೆ 2 ನಿಮಿಷ. ಮೂರು ಲೆಕ್ಕಕ್ಕೆ ಅದೇ 10:25 ಕ್ರಮವಾಗಿ 11:58, 12:15, 12:27 ಆಗುತ್ತದೆ. ನಮ್ಮ ಒಲವು ಮೂರನೆಯದಕ್ಕೆ, ಏಕೆಂದರೆ ಅದು ಹಡಗು ಇದ್ದ ಜಾಗದಿಂದಲೇ ಬಂದ ಲೆಕ್ಕ.

ಹಾಗೆಂದು ಎಲ್ಲ ತೊಡಕೂ ಬಿಡಿಸಿಕೊಳ್ಳುವುದಿಲ್ಲ. ವರ್ಜೀನಿಯನ್ ಎಂಬ ಹಡಗು ಟೈಟಾನಿಕ್‌ನ ಕೊನೆಯ ಕ್ಷೀಣ ಸದ್ದನ್ನು ನ್ಯೂಯಾರ್ಕ್ ಸಮಯ 12:27ಕ್ಕೆ ಕೇಳಿತೆಂಬ ದಾಖಲೆ ಇದೆ. 1:50 ಕೂಡಿಸಿದರೆ 2:17, ಹಡಗು ಮುಳುಗಿದ 2:20ಕ್ಕೆ ಮೂರು ನಿಮಿಷ ಮುಂಚೆ, ಚೆನ್ನಾಗಿ ಹೊಂದುತ್ತದೆ. 2:02 ಕೂಡಿಸಿದರೆ 2:29, ಆಗ ಹಡಗೇ ಇಲ್ಲ. ಇಂಥ ಕಡೆ ಚೀಟಿಯನ್ನು ಬಿಸಾಡಬೇಡಿ, ಅಂಕಿಯನ್ನೂ ತಿದ್ದಬೇಡಿ. 'ಹೊಂದುತ್ತಿಲ್ಲ' ಎಂದು ಕೆಂಪು ಗುರುತು ಹಾಕಿ ಹಾಗೆಯೇ ಇಟ್ಟುಕೊಳ್ಳಿ.

ಹಡಗಿನೊಳಗೂ ಒಂದೇ ಗಡಿಯಾರವಿರಲಿಲ್ಲ ಎಂಬ ಸಂಶಯಕ್ಕೆ ಎಡೆಯಿದೆ. ಆ ರಾತ್ರಿ ಗಡಿಯಾರವನ್ನು ಒಂದು ಪಾಳಿಯಲ್ಲಿ 23, ಇನ್ನೊಂದರಲ್ಲಿ 24, ಒಟ್ಟು 47 ನಿಮಿಷ ಹಿಂದಿಡಬೇಕಿತ್ತೆಂದು ಚುಕ್ಕಾಣಿ ಹಿಡಿದಿದ್ದ ಹಿಚೆನ್ಸ್ ಹೇಳಿದ್ದಾರೆ. ಹಿಂತುದಿಯಲ್ಲಿ ಕಾವಲಿದ್ದ ಕ್ವಾರ್ಟರ್‌ಮಾಸ್ಟರ್ ರೋ 12:25ಕ್ಕೆ ನೀರಿನಲ್ಲಿ ದೋಣಿಯೊಂದನ್ನು ಕಂಡೆ ಎಂದರು; ಬ್ರಿಟಿಷ್ ವರದಿಯ ಪ್ರಕಾರ ಮೊದಲ ದೋಣಿ ಇಳಿದದ್ದೇ 12:45ಕ್ಕೆ. ರೋ ನೋಡಿದ್ದು 23 ನಿಮಿಷ ಹಿಂದಿಟ್ಟ ಗಡಿಯಾರವಾಗಿದ್ದರೆ ಅದು 12:48 ಆಗುತ್ತದೆ, ಗಂಟು ಬಿಚ್ಚಿದಂತೆ ಕಾಣುತ್ತದೆ. ಆದರೆ ಇದು ಒಂದು ಸಾಧ್ಯತೆ ಅಷ್ಟೆ. ಇದನ್ನೇ ಬೀಗದ ಕೈ ಮಾಡಿಕೊಂಡು ಹೊಂದದ ಸಮಯಗಳಿಗೆಲ್ಲ 23 ನಿಮಿಷ ಕೂಡಿಸುತ್ತ ಹೋದರೆ ಯಾವ ಪಟ್ಟಿಯನ್ನಾದರೂ ಸಾಧಿಸಿಬಿಡಬಹುದು.

ಬೇರೆ ಹಡಗಿನವರ ಸಾಕ್ಷ್ಯ ಬಳಸುವಾಗಲೂ ಇದೇ ಎಚ್ಚರ ಬೇಕು. ಹತ್ತಿರದಲ್ಲಿ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಗಡಿಯಾರ ನ್ಯೂಯಾರ್ಕಿಗಿಂತ 1:50 ಮುಂದಿತ್ತು. ಅಂದರೆ ಮೇಲಿನ ಲೆಕ್ಕದಂತೆ ಟೈಟಾನಿಕ್‌ಗಿಂತ 12 ನಿಮಿಷ ಹಿಂದೆ. ಅಲ್ಲಿನವರು ದೂರದ ಹಡಗು ಕಣ್ಮರೆಯಾಯಿತೆಂದು ಕ್ಯಾಪ್ಟನ್‌ಗೆ ತಿಳಿಸಿದ್ದು ತಮ್ಮ ಗಡಿಯಾರದ 2:05ಕ್ಕೆ. ಟೈಟಾನಿಕ್ ಗಡಿಯಾರದಲ್ಲಿ ಅದು 2:17.

ಯಾವ ದೋಣಿ ಯಾವಾಗ ಇಳಿಯಿತೆಂಬುದಕ್ಕೆ ಬ್ರಿಟಿಷ್ ವರದಿಯಲ್ಲೇ ಪಟ್ಟಿಯಿದೆ. ಅದನ್ನೇ ಬಳಸಬಾರದೇಕೆ?
— ಮೈಸೂರು

ಬಳಸಿ, ಆದರೆ ಅದು ನಿಮ್ಮ ಕೆಲಸದ ಆರಂಭ ಮಾತ್ರ. ದೋಣಿಗಳ ಸರದಿಯೇ ಆ ರಾತ್ರಿಯ ಬೆನ್ನೆಲುಬು. ಒಟ್ಟು 20 ದೋಣಿ. ಬೆಸಸಂಖ್ಯೆಯವು ಬಲಮಗ್ಗುಲಲ್ಲಿ, ಸಮಸಂಖ್ಯೆಯವು ಎಡಮಗ್ಗುಲಲ್ಲಿ, ಮುಂದಿನಿಂದ ಹಿಂದಕ್ಕೆ ಏರುತ್ತ. ಆ 20ರಲ್ಲಿ ಉಳಿದ ನಾಲ್ಕು ಎ, ಬಿ, ಸಿ, ಡಿ ಎಂಬ ಮಡಿಚುವ ದೋಣಿ. ಡೆಕ್ಕಿನ ನಕ್ಷೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಂಡೇ ಕೂರಿ.

ಸರದಿ ಕಟ್ಟಲು ನಾಲ್ಕು ಬಗೆಯ ಹಿಡಿತ ಸಿಗುತ್ತದೆ. ಮೊದಲನೆಯದು ಎರಡು ದೋಣಿಯವರೂ ಒಪ್ಪುವ ಘಟನೆ. 13ನೇ ದೋಣಿ ನೀರಿಗಿಳಿದಾಗ ಹಡಗಿನ ಮೈಯಿಂದ ಹೊರಬೀಳುತ್ತಿದ್ದ ಕಂಡೆನ್ಸರ್ ನೀರಿನ ಧಾರೆ ಅದನ್ನು ಹಿಂದಕ್ಕೆ, ಇಳಿಯುತ್ತಿದ್ದ 15ರ ಅಡಿಗೇ ತಳ್ಳಿತು. ಕೂಗಾಡಿ, ಹಗ್ಗ ಕತ್ತರಿಸಿಕೊಂಡು ಪಾರಾದರು. 13 ಮೊದಲು, 15 ಆಮೇಲೆ, ನಡುವೆ ಹೆಚ್ಚೆಂದರೆ ಒಂದೆರಡು ನಿಮಿಷ ಎಂಬುದರಲ್ಲಿ ಇನ್ನು ಅನುಮಾನವಿಲ್ಲ. ಹೀಗೆ ಎರಡು ಕಡೆಯಿಂದ ಬಿಗಿದ ಗಂಟುಗಳನ್ನು ಮೊದಲು ಹುಡುಕಿ.

ಎರಡನೆಯದು ಒಬ್ಬ ಮನುಷ್ಯನ ಓಡಾಟ. ಐದನೇ ಅಧಿಕಾರಿ ಲೋ ಬಲಮಗ್ಗುಲಲ್ಲಿ 5, 3, 1 ದೋಣಿಗಳಲ್ಲಿ ದುಡಿದು, ಆಮೇಲೆ ಎಡಮಗ್ಗುಲಿಗೆ ದಾಟಿ 14ರಲ್ಲಿ ಇಳಿದರು. ಒಬ್ಬ ಮನುಷ್ಯ ಎರಡು ಕಡೆ ಇರಲಾರ. ಹಾಗಾಗಿ ಬಲಮಗ್ಗುಲ ಸರದಿಗೂ ಎಡಮಗ್ಗುಲ ಸರದಿಗೂ ಇವರೇ ಸೇತುವೆ: 14 ಇಳಿದದ್ದು 1ರ ನಂತರ. ಪ್ರತಿ ಅಧಿಕಾರಿಗೆ, ಹಗ್ಗ ಹಿಡಿದ ಪ್ರತಿ ನಾವಿಕನಿಗೆ ಇಂಥದೊಂದು ಎಳೆ ಬಿಡಿಸಿ.

ಮೂರನೆಯದು ಹಡಗಿನ ವಾಲು. ನಮಗೆ ಇದು ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷ್ಯವಾಗಿ ಕಾಣುತ್ತದೆ, ಏಕೆಂದರೆ ಸಾಕ್ಷಿಗೆ ತಾನು ಸಮಯ ಹೇಳುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಬಡಿದ ಕೆಲವೇ ನಿಮಿಷಗಳಲ್ಲಿ ಹಡಗು ಬಲಕ್ಕೆ 5 ಡಿಗ್ರಿ ವಾಲಿತ್ತು. ಹೊತ್ತು ಕಳೆದಂತೆ ಅದು ಎಡಕ್ಕೆ ತಿರುಗಿತು. ವರದಿ 10ನೇ ದೋಣಿಗೆ 1:20, ಪಕ್ಕದ 12ಕ್ಕೆ 1:25 ಕೊಟ್ಟಿದೆ. ಆದರೆ 10ರಲ್ಲಿದ್ದವರ ಮಾತು ಕೇಳಿ: ಹಡಗು ಎಡಕ್ಕೆ ಎಷ್ಟು ವಾಲಿತ್ತೆಂದರೆ ದೋಣಿ ಹಡಗಿನ ಮೈಯಿಂದ ದೂರ ತೂಗಾಡುತ್ತಿತ್ತು, ಹೆಂಗಸರು ಆ ಸಂದನ್ನು ಹಾರಿ ದಾಟಬೇಕಿತ್ತು, ಒಬ್ಬಾಕೆ ಕಾಲು ತಪ್ಪಿ ನಡುವೆ ಜಾರಿದಾಗ ಕೆಳಗಿನ ಡೆಕ್ಕಿನವರು ಎಳೆದುಕೊಂಡರು. ಇದು 1:20ರ ಹಡಗಲ್ಲ. ಸಾಲದ್ದಕ್ಕೆ 10ರಲ್ಲಿ ಹೋದ ನಾವಿಕ ಎವನ್ಸ್ ಅದಕ್ಕೆ ಮುಂಚೆ 12ನೇ ದೋಣಿ ಇಳಿಸಲು ನೆರವಾಗಿದ್ದವರು. ಇವನ್ನೆಲ್ಲ ತೂಗಿ ನೋಡಿದ ಸಂಶೋಧಕರು ಈಗ 10ನ್ನು ಸುಮಾರು 1:50ಕ್ಕೆ ಇಡುತ್ತಾರೆ. ಅರ್ಧ ಗಂಟೆಯ ವ್ಯತ್ಯಾಸ ಬಂದದ್ದು ಗಡಿಯಾರದಿಂದಲ್ಲ, ಒಂದು ಸಂದಿನಿಂದ.

ಸಿ ದೋಣಿಯದೂ ಇದೇ ಕಥೆ. ಅದು ಇದ್ದದ್ದು ಬಲಮಗ್ಗುಲಲ್ಲಿ. ಹಡಗು ಎಡಕ್ಕೆ ವಾಲಿದ್ದರಿಂದ ಇಳಿಯುವಾಗ ಅದರ ಪಕ್ಕೆ ಹಡಗಿನ ರಿವೆಟ್ ಮೊಳೆಗಳಿಗೆ ಸಿಕ್ಕಿಕೊಳ್ಳುತ್ತಿತ್ತೆಂದು ಅದರಲ್ಲಿದ್ದ ರೋ ಹೇಳಿದರು. ತಾವು ಬಿಟ್ಟು ಸುಮಾರು 20 ನಿಮಿಷಕ್ಕೆ ಹಡಗು ಮುಳುಗಿತೆಂದೂ ಅವರ ಅಂದಾಜು. ಮುಳುಗಿದ 2:20ರಿಂದ ಹಿಂದಕ್ಕೆ ಎಣಿಸಿದರೆ 2 ಗಂಟೆ. ವರದಿಯಲ್ಲಿರುವುದು 1:40.

ನಾಲ್ಕನೆಯದು ನೀರಿನ ಮಟ್ಟ. ದೋಣಿ ಡೆಕ್ಕಿನಿಂದ ನೀರಿಗೆ ಸಾಮಾನ್ಯವಾಗಿ ಸುಮಾರು 60 ಅಡಿ. ಮುಂದಿನ ದೋಣಿಗಳಿಗೆ ಈ ಆಳ ಕಡಿಮೆಯಾಗುತ್ತ ಬರುತ್ತದೆ. ಡಿ ದೋಣಿ ಇಳಿಯುವಾಗ ಕೆಳಗಿನ ಎ ಡೆಕ್ಕಿಗೇ ನೀರು ಬರುತ್ತಿತ್ತು, ಅಲ್ಲಿಂದಲೇ ಇಬ್ಬರು ದೋಣಿಗೆ ಹಾರಿದರು.

ಒಂದು ಎಚ್ಚರಿಕೆ. ದೋಣಿಯೊಂದಕ್ಕೆ ಒಂದೇ ಸಮಯ ಬರೆಯಬೇಡಿ. ಹೊದಿಕೆ ತೆಗೆದದ್ದು, ಜನ ಹತ್ತಲು ಶುರುವಾದದ್ದು, ಇಳಿಯಲು ಶುರುವಾದದ್ದು, ನೀರು ಮುಟ್ಟಿದ್ದು ನಾಲ್ಕು ಬೇರೆ ಘಟನೆಗಳು. 4ನೇ ದೋಣಿಯನ್ನು ಬೇಗನೆ ಎ ಡೆಕ್ಕಿನ ಮಟ್ಟಕ್ಕೆ ಇಳಿಸಿದರು, ಆದರೆ ಅಲ್ಲಿನ ಗಾಜಿನ ಕಿಟಕಿಗಳು ಅಡ್ಡವಾಗಿ ಅದು ಕೊನೆಕೊನೆಗೆ ಹೊರಟಿತು. '4 ಬಹಳ ಮುಂಚಿನದು' ಎನ್ನುವವರೂ 'ಬಹಳ ತಡ' ಎನ್ನುವವರೂ ಇಬ್ಬರೂ ನಿಜ ಹೇಳುತ್ತಿರಬಹುದು.

ದೋಣಿಗಳಲ್ಲಿದ್ದವರ ಸಂಖ್ಯೆಯನ್ನೂ ಸಾಕ್ಷಿಗಳ ಮಾತಿನಿಂದಲೇ ತುಂಬಬಹುದೇ?
— ತುಮಕೂರು

ಬೇಡ. ಬ್ರಿಟಿಷ್ ವರದಿಯೇ ಆ ಲೆಕ್ಕ ಮಾಡಿ ಕೈಸುಟ್ಟುಕೊಂಡಿದೆ. ಸಾಕ್ಷಿಗಳು ಹೇಳಿದ್ದನ್ನು ಕೂಡಿಸಿದಾಗ 18 ದೋಣಿಗಳಲ್ಲೇ 854 ಜನರಾದರು, ಬದುಕಿದವರು ಸುಮಾರು 712 ಮಾತ್ರ. ಕತ್ತಲಲ್ಲಿ ಒತ್ತಾಗಿ ಕುಳಿತವರಿಗೆ ದೋಣಿ ಇದ್ದದ್ದಕ್ಕಿಂತ ತುಂಬಿ ಕಾಣುತ್ತದೆ. ಜಾಗವಿದ್ದೂ ಬಿಟ್ಟುಬಂದೆವೆಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹೆಸರು ಹಿಡಿದು ಯಾರು ಯಾವ ದೋಣಿ ಎಂದು ಎಣಿಸುವುದೊಂದೇ ದಾರಿ.

ಇಬ್ಬರು ಪ್ರಾಮಾಣಿಕ ಸಾಕ್ಷಿಗಳು ತದ್ವಿರುದ್ಧ ಹೇಳಿದರೆ ಯಾರನ್ನು ನಂಬುವುದು? ಹೆಚ್ಚು ಜನ ಹೇಳಿದ್ದನ್ನೇ ಒಪ್ಪಬಹುದೇ?
— ಶಿವಮೊಗ್ಗ

ತಲೆ ಎಣಿಸಬೇಡಿ, ಹುದ್ದೆಯನ್ನೂ ನೋಡಬೇಡಿ. ಎಲ್ಲಿ ನಿಂತು ನೋಡಿದರು ಎಂಬುದನ್ನು ನೋಡಿ.

ಹಡಗು ಎರಡು ತುಂಡಾಗಿ ಮುಳುಗಿತೇ ಎಂಬ ವಿಚಾರವೇ ಇದಕ್ಕೆ ದೊಡ್ಡ ಪಾಠ. ಎರಡನೇ ಅಧಿಕಾರಿ ಲೈಟೋಲರ್, ಮೂರನೇ ಅಧಿಕಾರಿ ಪಿಟ್‌ಮನ್ ಇಡಿಯಾಗಿಯೇ ಮುಳುಗಿತೆಂದರು. ಬುಲೇ, ಎವನ್ಸ್, ಓಸ್ಮನ್, ಕ್ರೋ ಮೊದಲಾದ ನಾವಿಕರು, ಪರಿಚಾರಕರು ಮುರಿಯಿತೆಂದರು. ಲಾರ್ಡ್ ಮರ್ಸಿ ಅಧಿಕಾರಿಗಳ ಮಾತನ್ನು ಎತ್ತಿಹಿಡಿದರು. 1985ರ ಸೆಪ್ಟೆಂಬರ್ 1ರಂದು ಫ್ರಾನ್ಸ್–ಅಮೆರಿಕ ತಂಡ ಅವಶೇಷ ಕಂಡುಹಿಡಿದಾಗ ಮುಂಭಾಗ ಒಂದು ಕಡೆ, ಹಿಂಭಾಗ ಸುಮಾರು 600 ಮೀಟರ್ ಆಚೆ ಬಿದ್ದಿತ್ತು. ಸಾಮಾನ್ಯ ನಾವಿಕರ ಮಾತಿಗೆ 73 ವರ್ಷದ ಮೇಲೆ ನ್ಯಾಯ ಸಿಕ್ಕಿತು.

ಅಧಿಕಾರಿಗಳು ಸುಳ್ಳಾಡಿದರೆಂದು ಇದರರ್ಥವಲ್ಲ. ಬೆಳದಿಂಗಳಿಲ್ಲದ ರಾತ್ರಿ, ಹಡಗಿನ ದೀಪಗಳೂ ಆರಿದ್ದವು. ಲೈಟೋಲರ್ ಆಗಷ್ಟೇ ನೀರಿನಡಿ ಎಳೆಯಲ್ಪಟ್ಟು ಮೇಲೆ ಬಂದು, ಮಗುಚಿದ ದೋಣಿ ಹಿಡಿದಿದ್ದರು. ಆದ್ದರಿಂದ ಪ್ರತಿ ಸಾಕ್ಷಿಗೂ ಮೂರು ಪ್ರಶ್ನೆ ಹಾಕಿ: ಎಷ್ಟು ದೂರ, ಯಾವ ಕೋನ, ಆಗ ಬೇರೇನು ಮಾಡುತ್ತಿದ್ದರು. ನಾಲ್ಕನೆಯದನ್ನೂ ಮರೆಯಬೇಡಿ: ಈ ಉತ್ತರದಿಂದ ಅವರಿಗೋ ಅವರ ಕಂಪನಿಗೋ ಲಾಭನಷ್ಟ ಇತ್ತೇ?

ಹೇಳಿಕೆಯ ವಯಸ್ಸೂ ಮುಖ್ಯ. ನಾಲ್ಕನೇ ಅಧಿಕಾರಿ ಬಾಕ್ಸ್‌ಹಾಲ್ 1912ರಲ್ಲಿ, ಎಚ್ಚರಿಕೆಯ ಗಂಟೆ ಕೇಳಿದಾಗ ಹಡಗು ನಡೆಸುವ ಜಾಗವಾದ ಬ್ರಿಡ್ಜ್ ಕಡೆ ನಡೆದು ಬರುತ್ತಿದ್ದೆ ಎಂದರು. 1962ರ ಬಿಬಿಸಿ ಸಂದರ್ಶನದಲ್ಲಿ, ಕೋಣೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ ಎಂದರು. ಇಂಥ ಕಡೆ ಮೊದಲ ಹೇಳಿಕೆಗೇ ತೂಕ ಕೊಡಿ. ಪತ್ರಿಕೆಗಳಿಗೆ ಕೊಟ್ಟದ್ದನ್ನು ಪ್ರತ್ಯೇಕ ಕಟ್ಟಿನಲ್ಲಿಡಿ, ಏಕೆಂದರೆ ವರದಿಗಾರನ ಮಾತು ಸಾಕ್ಷಿಯ ಬಾಯಲ್ಲಿ ಕೂತಿರುವುದುಂಟು.

ಇನ್ನೊಂದು ವಿಷಯ ಹೇಳಲೇಬೇಕು. ಮೂರನೇ ದರ್ಜೆಯ ಪ್ರಯಾಣಿಕರಲ್ಲಿ ಅಮೆರಿಕದ ವಿಚಾರಣೆಯಲ್ಲಿ ಮಾತಾಡಿದವರು ಬಕ್ಲಿ, ಅಬೆಲ್ಸೆತ್, ಪಿಕಾರ್ಡ್ ಮೂವರೇ. ಬ್ರಿಟಿಷ್ ವಿಚಾರಣೆ ಒಬ್ಬರನ್ನೂ ಕರೆಯಲಿಲ್ಲ. ಅತಿ ಹೆಚ್ಚು ಜನ ಸತ್ತ ಭಾಗದ ಕೆಳ ಡೆಕ್ಕುಗಳಲ್ಲಿ ನಿಮ್ಮ ಪಟ್ಟಿ ಖಾಲಿ ಉಳಿಯುವುದು ಅಲ್ಲಿ ಏನೂ ನಡೆಯಲಿಲ್ಲವೆಂದಲ್ಲ, ಯಾರೂ ಕೇಳಲಿಲ್ಲವೆಂದು. ಆ ಖಾಲಿ ಜಾಗವನ್ನು ಪಟ್ಟಿಯಲ್ಲಿ ಖಾಲಿಯಾಗಿಯೇ ತೋರಿಸಿ. ತುಂಬಲು ಯತ್ನಿಸುವುದಾದರೆ ಅವರು ಊರಿಗೆ ಬರೆದ ಪತ್ರಗಳನ್ನು, 1915ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪರಿಹಾರ ಮೊಕದ್ದಮೆಯ ಹೇಳಿಕೆಗಳನ್ನು ನೋಡಿ.

ಎಲ್ಲವನ್ನೂ ಎಕ್ಸೆಲ್‌ನಲ್ಲಿ ಹಾಕಿದ್ದೇನೆ. ಸಮಯದ ಪ್ರಕಾರ ಜೋಡಿಸಿದರೆ ಮುಳುಗಿದ್ದು ಮೊದಲು, ಬಡಿದದ್ದು ಆಮೇಲೆ ಬರುತ್ತಿದೆ!
— ಬೆಂಗಳೂರು

ಮಧ್ಯರಾತ್ರಿ ದಾಟಿದ್ದರಿಂದ ಹೀಗಾಗಿದೆ. ದಿನಾಂಕವಿಲ್ಲದೆ ಹಾಕಿದರೆ 2:20 ಎಂಬುದು 23:40ಕ್ಕಿಂತ ಚಿಕ್ಕದು. ಗಂಟೆಯ ಗೊಡವೆಯೇ ಬೇಡ. ಬಡಿದ 11:40ನ್ನು 0 ಎಂದಿಟ್ಟು ನಿಮಿಷ ಎಣಿಸಿ. 12:45 ಎಂದರೆ 65, 1:50 ಎಂದರೆ 130, 2:20 ಎಂದರೆ 160. ಸಾಕ್ಷಿ ಹೇಳಿದ ಸಮಯ ಒಂದು ಕಾಲಮ್ಮಿನಲ್ಲಿ ಮುಟ್ಟದೆ ಉಳಿಯಲಿ, ನೀವು ತಿದ್ದಿದ್ದು ಬೇರೆ ಕಾಲಮ್ಮಿನಲ್ಲಿ. ಪ್ರತಿ ಘಟನೆಗೆ ಮೂರು ಅಂಕಿ ಕೊಡಿ: ಇದಕ್ಕಿಂತ ಮುಂಚೆ ಆಗಿರಲಾರದು, ಇದಕ್ಕಿಂತ ತಡವಾಗಿರಲಾರದು, ನಮ್ಮ ಅಂದಾಜು. ಹಲವರು ಹೇಳಿದ್ದರ ಸರಾಸರಿ ತೆಗೆಯಬೇಡಿ. 1:20 ಮತ್ತು 1:50 ಎಂಬ ಎರಡು ಹೇಳಿಕೆಯಿಂದ 1:35 ತೆಗೆದರೆ ಯಾರೂ ಕಾಣದ ಘಟನೆಯೊಂದು ಹುಟ್ಟುತ್ತದೆ.

'ಮುಂಚೆ–ನಂತರ' ಕೊಂಡಿಗಳಿಗೆ ಬೇರೆ ಹಾಳೆ ಮಾಡಿ, ಸಾಲಿಗೆ ಒಂದು ಕೊಂಡಿ. ಆ ಕೊಂಡಿಗಳನ್ನು ಹಿಡಿದು ನಡೆದಾಗ ಹೊರಟಲ್ಲಿಗೇ ಸುತ್ತಿ ಬಂದರೆ ಆ ಸುತ್ತಿನಲ್ಲಿ ಒಂದು ಕೊಂಡಿ ಖಂಡಿತ ತಪ್ಪು. ಹೆಚ್ಚಾಗಿ ತಪ್ಪಿರುವುದು ದೋಣಿಯ ಸಂಖ್ಯೆ. ಅನೇಕರಿಗೆ ತಾವು ಕೂತ ದೋಣಿಯ ಸಂಖ್ಯೆ ಗೊತ್ತಿರಲಿಲ್ಲ. ಜೊತೆಗಿದ್ದವರ ಹೆಸರಿನಿಂದ ದೋಣಿಯನ್ನು ಗುರುತಿಸಿ.

ಸರದಿ ಗಟ್ಟಿಯಾದ ಮೇಲೆ ಗಡಿಯಾರ ನೋಡಿದವರನ್ನು ಮೊಳೆಯಂತೆ ಬಡಿಯಿರಿ. 5ನೇ ದೋಣಿಯಲ್ಲಿದ್ದ ಪಿಟ್‌ಮನ್ ಹಡಗು ಕಣ್ಮರೆಯಾದ ಗಳಿಗೆಯಲ್ಲಿ ಗಡಿಯಾರ ತೆಗೆದು ನೋಡಿ 2:20 ಎಂದವರು. ನೀರಿಗೆ ಬಿದ್ದ ಪ್ರಯಾಣಿಕ ಕರ್ನಲ್ ಗ್ರೇಸಿ ಅವರ ಗಡಿಯಾರ ನಿಂತದ್ದು 2:22ಕ್ಕೆ. ಇಂಥ ಮೊಳೆಗಳು ಕಡಿಮೆ, ಆದರೆ ಸಾಕು.

ನಮ್ಮ ಕೇರಿಯಲ್ಲಿ ಹಲವು ವರ್ಷಗಳ ಹಿಂದೆ ಅಳಿವೆ ಬಾಗಿಲಲ್ಲಿ ದೋಣಿ ಮಗುಚಿದಾಗ ಬದುಕಿ ಬಂದ ಮೂವರು ಹಿರಿಯರಿದ್ದಾರೆ. ಅವರಿಂದ ಕೇಳಿ ಬರೆದಿಡಬೇಕು. ಏನು ಗಮನಿಸಬೇಕು?
— ಮಲ್ಪೆ

ತಡಮಾಡಬೇಡಿ, ಈ ವಾರವೇ ಶುರುಮಾಡಿ. ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿ. ಒಟ್ಟಿಗೆ ಕೂತರೆ ಗಟ್ಟಿ ದನಿಯವರ ನೆನಪೇ ಮೂವರ ನೆನಪಾಗುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮುಂದೆ ಎತ್ತಬೇಡಿ. ಮೊದಲ ಸಲ ನಡುವೆ ಪ್ರಶ್ನೆ ಹಾಕದೆ ಪೂರ್ತಿ ಹೇಳಲು ಬಿಡಿ, ಅವರದೇ ಭಾಷೆಯಲ್ಲಿ ರೆಕಾರ್ಡ್ ಮಾಡಿ. ಎರಡನೇ ಸಲ ದೋಣಿಯ ಚಿತ್ರ ಬರೆದ ಹಾಳೆ ಕೊಟ್ಟು ತಾಂಡೇಲ (ದೋಣಿಯ ಮುಖ್ಯಸ್ಥ) ಎಲ್ಲಿದ್ದ, ನೀವು ಎಲ್ಲಿದ್ದಿರಿ, ಬಲೆ ಎಲ್ಲಿತ್ತು ಎಂದು ಬೆರಳಿಟ್ಟು ತೋರಿಸಲು ಹೇಳಿ. 'ಎಷ್ಟು ಗಂಟೆ?' ಎಂದು ಕೇಳಬೇಡಿ. ಊಟವಾಗಿತ್ತೇ, ದೀಪಸ್ತಂಭದ ಬೆಳಕು ಯಾವ ಕೈಗಿತ್ತು, ಚಂದ್ರ ಮೂಡಿದ್ದನೇ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂದು ಕೇಳಿ. ತಾರೀಕು ಗೊತ್ತಿದ್ದರೆ ಆ ದಿನದ ಚಂದ್ರೋದಯ, ಭರತ-ಇಳಿತಗಳ ಹೊತ್ತನ್ನು ಲೆಕ್ಕ ಹಾಕಿ ತೆಗೆಯಬಹುದು. ತಾರೀಕು ಮರೆತಿದ್ದರೆ ತಿಥಿ, ಹಬ್ಬ, ಊರ ಜಾತ್ರೆ ಹಿಡಿದು ಪಂಚಾಂಗದಲ್ಲಿ ಹುಡುಕಿ. ಅಳತೊಡಗಿದರೆ ರೆಕಾರ್ಡರ್ ಆರಿಸಿ, ಇನ್ನೊಂದು ದಿನ ಹೋಗಿ.